ಉಳವಿಯ ಹಾದಿಯಲ್ಲಿ ಕಾರು ಕೆಟ್ಟರೆ

ಚನ್ನಬಸವಣ್ಣನವರು ಲಿಂಗೈಕ್ಯರಾದ ಉಳವಿಯ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಬರುವ ಭಕ್ತರು ಇಂದಿಗೂ ಉಂಟು. ಆದರೆ ಹಳಿಯಾಳ, ಮುಂಡಗೋಡ ಕಡೆಯಿಂದ ಕಾರಿನಲ್ಲಿ ಬರುವ ಕುಟುಂಬಗಳೂ ಕಡಿಮೆಯಿಲ್ಲ. ದಾಂಡೇಲಿ ದಾಟಿ ಜೋಯಿಡಾದ ಕಾಡು ಹೊಕ್ಕ ಮೇಲೆ ಬರೀ ತಿರುವು, ಏರಿಳಿತ. ದೂರವಾಣಿ ಸಂಪರ್ಕವೂ ಹಲವೆಡೆ ದೊರೆಯದು. ಅಲ್ಲಿ ಕಾರು ಕೆಟ್ಟರೆ ಜೀಪಿಗೆ ಹಗ್ಗ ಬಿಗಿದು ಎಳೆಸುವುದು ನಮ್ಮವರ ರೂಢಿ.

ಹಳೆಯ ಅಂಬಾಸಿಡರಿಗೆ ಈ ಉಪಾಯ ಹೇಗೋ ಸಾಗುತ್ತಿತ್ತು. ಇಂದಿನ ಬಹುತೇಕ ಕಾರುಗಳಲ್ಲಿ ಸ್ಟಿಯರಿಂಗಿಗೆ ನೆರವಾಗುವುದು ವಿದ್ಯುತ್ ಮೋಟರು. ಬ್ಯಾಟರಿ ಸತ್ತರೆ ಅದೂ ನಿಂತು, ಸ್ಟಿಯರಿಂಗ್ ತಿರುಗಿಸುವುದೇ ಕಷ್ಟವಾಗುತ್ತದೆ. ಎಂಜಿನ್ ನಿಂತ ಬಳಿಕ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕೂ ಬಿಗಿಯಾಗುತ್ತದೆ. ಆಟೊಮ್ಯಾಟಿಕ್ ಗೇರಿನ ಅಥವಾ ಬ್ಯಾಟರಿಯಿಂದಲೇ ಓಡುವ ಕಾರನ್ನು ನೆಲದ ಮೇಲೆ ಎಳೆದರೆ ಗೇರುಪೆಟ್ಟಿಗೆ, ಮೋಟರುಗಳೇ ಹಾಳಾಗಬಹುದು. ಅವನ್ನು ವಾಹನದ ಮೇಲೇರಿಸಿಯೇ ಒಯ್ಯಬೇಕು.

ಉಳಿದ ಕಾರುಗಳನ್ನು ಎಳೆಯುವುದು ಅನಿವಾರ್ಯವಾದರೆ? ಎರಡು ವಾಹನಗಳ ಅಂತರ 5 ಮೀಟರ್, ವೇಗ ಗಂಟೆಗೆ 24 ಕಿ.ಮೀ. ಮೀರಕೂಡದೆಂದು 1989ರ ರಸ್ತೆ ನಿಯಮಗಳೇ ವಿಧಿಸಿದ್ದವು. ಹಗ್ಗವನ್ನು ಬಂಪರಿಗಲ್ಲ, ಅದಕ್ಕೆಂದೇ ಇರುವ ಕೊಕ್ಕೆಗೆ ಕಟ್ಟಬೇಕು. ಕೀಲಿ ತೆಗೆದರೆ ಸ್ಟಿಯರಿಂಗ್ ಬಂಧಿತವಾದೀತು. ಕೆಟ್ಟ ಕಾರಿನಲ್ಲಿ ಬಲ್ಲ ಚಾಲಕರೊಬ್ಬರ ಹೊರತು ಯಾರೂ ಕೂಡಬಾರದು. ತಾಯಂದಿರು, ಮಕ್ಕಳು ಜೀಪಿನಲ್ಲಿರಲಿ. ಇಳಿಜಾರಿನಲ್ಲಂತೂ ಹಗ್ಗದ ಮಾತೇ ಬೇಡವೆಂಬುದು ನಮ್ಮ ಮತ. ವಿಮೆಯ ಕಂಪನಿಯ ನೆರವಿನ ದೂರವಾಣಿ ಸಂಖ್ಯೆಯನ್ನು ಕಾಡು ಹೊಗುವ ಮೊದಲು, ದಾಂಡೇಲಿಯಲ್ಲೇ ಬರೆದಿಟ್ಟುಕೊಳ್ಳಬೇಕು.