ಸಾಕಾನೆಯ ದಂತಕ್ಕೆ ಗರಗಸ: ನೋವಾಗುವುದೆ?

ಶಿವಮೊಗ್ಗ: ನಗರದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿ.ಮೀ. ದೂರದ ಸಕ್ರೆಬೈಲು ಆನೆ ಬಿಡಾರದಲ್ಲಿ ಬೆಳಗಿನ ಹೊತ್ತು ತುಂಗೆಯ ಹಿನ್ನೀರಿನಲ್ಲಿ ಮೀಯುವ ಆನೆಗಳನ್ನು ನೋಡಲು ಜನ ಸೇರುತ್ತಾರೆ. ಸಾಕಾನೆಗಳ ಪೈಕಿ ಕೆಲವು ಗಂಡಾನೆಗಳ ದಂತ ಚೂಪಾಗಿರದೆ, ತುದಿ ಕತ್ತರಿಸಿದಂತೆ ಮೊಂಡಾಗಿರುವುದು ಇಂತಹ ಬಿಡಾರಗಳಲ್ಲಿ ಕಾಣಸಿಗುವ ದೃಶ್ಯ. ದಂತ ಕತ್ತರಿಸುವುದು ಏಕೆ? ಆಗ ಆನೆಗೆ ನೋವಾಗುವುದಿಲ್ಲವೆ? ಕತ್ತರಿಸಿದ ತುಂಡು ಯಾರ ಪಾಲಾಗುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಆನೆಯ ಹಲ್ಲಿನ ರಚನೆಯಲ್ಲಿಯೂ ದೇಶದ ಕಾನೂನಿನಲ್ಲಿಯೂ ಅಡಗಿದೆ.

ದಂತವೆಂದರೆ ಬಾಚಿಹಲ್ಲು

ದಂತವನ್ನು ಕೊಂಬೆಂದು ತಿಳಿಯುವವರುಂಟು. ಕೋರೆಹಲ್ಲೆಂದು ಕರೆಯುವ ರೂಢಿಯೂ ಇದೆ. ವಾಸ್ತವವಾಗಿ ಅದು ಮೇಲ್ದವಡೆಯ ಬಾಚಿಹಲ್ಲು. ಏಷ್ಯಾದ ಆನೆಗಳಲ್ಲಿ ಉದ್ದ ದಂತ ಬೆಳೆಯುವುದು ಗಂಡಿಗೆ ಮಾತ್ರ. ಗಂಡುಗಳಲ್ಲಿಯೂ ದಂತವಿಲ್ಲದ ಮಖ್ನಾಗಳಿವೆ. ಹೆಣ್ಣಾನೆಗೆ ಇರುವುದು ತುಟಿಯಂಚಿನಲ್ಲಿ ಇಣುಕುವ ಚಿಕ್ಕ ಹಲ್ಲು.

ಮನುಷ್ಯನ ಶಾಶ್ವತ ಹಲ್ಲು ಒಮ್ಮೆ ಬೆಳೆದರೆ ಅಲ್ಲಿಗೆ ನಿಲ್ಲುತ್ತದೆ. ಆನೆಯ ದಂತವಾದರೋ ಬುಡದಿಂದ ಜೀವನಪರ್ಯಂತ ಬೆಳೆಯುತ್ತಲೇ ಇರುತ್ತದೆ. ಕಬಿನಿ ಹಿನ್ನೀರಿನಲ್ಲಿ ಛಾಯಾಗ್ರಾಹಕರ ಅಚ್ಚುಮೆಚ್ಚಾಗಿದ್ದು, 2022ರ ಜೂನ್‌ನಲ್ಲಿ ವಯೋಸಹಜವಾಗಿ ಮೃತಪಟ್ಟ ಕಾಡಾನೆ ಭೋಗೇಶ್ವರನ ದಂತಗಳು 2.54 ಮತ್ತು 2.34 ಮೀಟರ್ ಉದ್ದವಿದ್ದವು.

ಕಾಡಿನಲ್ಲಿ ಮರದ ತೊಗಟೆ ಸುಲಿಯುವಾಗ, ನೆಲ ಅಗೆಯುವಾಗ, ಪರಸ್ಪರ ಕಾದಾಡುವಾಗ ದಂತ ಸವೆಯುತ್ತದೆ. ಸಾಕಾನೆಗೆ ಇಂತಹ ಅವಕಾಶ ಕಡಿಮೆ. ಉದ್ದ ಬೆಳೆದ ದಂತಗಳು ಕೆಲವೊಮ್ಮೆ ಒಂದಕ್ಕೊಂದು ಅಡ್ಡವಾಗಿ ಸೊಂಡಿಲಿನ ಚಲನೆಗೆ ತೊಡಕಾಗುತ್ತವೆ. ಮದವೇರಿದಾಗ ಜೊತೆಯ ಆನೆಗೆ, ಮಾವುತನಿಗೆ, ಕಾವಾಡಿಗೆ ಚೂಪಾದ ದಂತದಿಂದ ಪ್ರಾಣಾಪಾಯವೂ ಉಂಟು. ತುದಿ ಕತ್ತರಿಸುವುದಕ್ಕೆ ಇವೇ ಮುಖ್ಯ ಕಾರಣಗಳು.

ಎಲ್ಲಿ ಕತ್ತರಿಸಬೇಕು?

ದಂತದ ಸುಮಾರು ಮೂರನೆಯ ಒಂದು ಭಾಗ ತಲೆಬುರುಡೆಯೊಳಗೆ ಹುದುಗಿರುತ್ತದೆ. ಅದರೊಳಗೆ ನರ ಮತ್ತು ರಕ್ತನಾಳಗಳಿಂದ ಕೂಡಿದ ಮೃದು ತಿರುಳಿದೆ. ಈ ತಿರುಳು ತುಟಿಯಿಂದ ಹೊರಗೂ ಒಂದಿಷ್ಟು ದೂರ ಚಾಚಿಕೊಂಡಿರುತ್ತದೆ. ಅದರಿಂದಾಚೆಗಿನ ಭಾಗ ಗಟ್ಟಿ ದಂತ. ಗಟ್ಟಿ ಭಾಗದಲ್ಲಿ ಗರಗಸ ಆಡಿದರೆ ಉಗುರು ಕತ್ತರಿಸಿದಂತೆ. ತಿರುಳಿಗೆ ತಾಗಿದರೆ ಅರಿವಳಿಕೆಯಿಲ್ಲದೆ ಹಲ್ಲು ಕೊರೆದಂತೆ.

ತಿರುಳು ಎಲ್ಲಿ ಮುಗಿಯುತ್ತದೆ ಎಂಬುದು ಹೊರಗೆ ಕಾಣುವುದಿಲ್ಲ. ಆದ್ದರಿಂದ ಹಳೆಯ ಕಾಲದಿಂದಲೂ ಒಂದು ಅಳತೆ ರೂಢಿಯಲ್ಲಿದೆ. ಕಣ್ಣಿನಿಂದ, ದಂತವು ತುಟಿಯಿಂದ ಹೊರಬರುವ ಜಾಗದವರೆಗೆ ಅಳೆದು, ಅಷ್ಟೇ ಉದ್ದವನ್ನು ತುಟಿಯಿಂದ ಮುಂದಕ್ಕೆ ಗುರುತಿಸಿ, ಆ ಗುರುತಿನಿಂದಾಚೆಗೆ ಮಾತ್ರ ಕತ್ತರಿಸುವುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಇದಕ್ಕೆ ನಿಯಮವಿದೆ. ಬುಡದ ಸುತ್ತಳತೆಯ ಎರಡರಷ್ಟು ಉದ್ದ ಉಳಿಸಿ, ನದೀತೀರದ ಆನೆಗಳಿಗೆ ಎರಡೂವರೆ ವರ್ಷಕ್ಕೊಮ್ಮೆ, ಬೆಟ್ಟದ ಆನೆಗಳಿಗೆ ಐದು ವರ್ಷಕ್ಕೊಮ್ಮೆ ದಂತ ಕತ್ತರಿಸಬೇಕೆಂದು ಆ ಗ್ರಂಥ ವಿಧಿಸುತ್ತದೆ. ಇಂತಹ ಅಳತೆಗಳು ಅಂದಾಜಿಗೆ ಮಾತ್ರ. ತಿರುಳಿನ ಉದ್ದ ಆನೆಯಿಂದ ಆನೆಗೆ, ವಯಸ್ಸಿನಿಂದ ವಯಸ್ಸಿಗೆ ವ್ಯತ್ಯಾಸವಾಗುವುದರಿಂದ ಪಶುವೈದ್ಯರ ಉಪಸ್ಥಿತಿ ಅಗತ್ಯ.

ಮಾವುತನ ಆಜ್ಞೆಯಂತೆ ಆನೆ ಮಲಗಿದ ಅಥವಾ ನಿಂತ ಭಂಗಿಯಲ್ಲಿರುವಾಗ ಸಣ್ಣ ಹಲ್ಲಿನ ಗರಗಸದಿಂದ ಕೆಲಸ ನಡೆಯುತ್ತದೆ. ಅಂಜುವ ಆನೆಗೆ ವೈದ್ಯರು ಲಘು ಮಂಪರಿನ ಚುಚ್ಚುಮದ್ದು ನೀಡುವುದುಂಟು. ಉಜ್ಜುವಿಕೆಯಿಂದ ದಂತ ಬಿಸಿಯಾಗದಂತೆ ನೀರು ಹಾಕಲಾಗುತ್ತದೆ. ಕೊನೆಯಲ್ಲಿ ಅಂಚನ್ನು ಅರದಿಂದ ತಿಕ್ಕಿ ನಯಗೊಳಿಸಲಾಗುತ್ತದೆ. ಸರಿಯಾಗಿ ನಡೆದರೆ ಅದೇ ದಿನ ಆನೆ ಎಂದಿನಂತೆ ಮೇವು ತಿನ್ನಬಲ್ಲದು.

ತಪ್ಪಿದರೆ ಏನು?

ಕತ್ತರಿಸಿದ ಜಾಗದ ನಡುವೆ ಗುಲಾಬಿ ಬಣ್ಣದ ಚುಕ್ಕೆ ಅಥವಾ ರಕ್ತ ಕಂಡರೆ ತಿರುಳು ತೆರೆದುಕೊಂಡಿದೆ ಎಂದೇ ಅರ್ಥ. ಆ ದಾರಿಯಿಂದ ಕೆಸರು, ರೋಗಾಣು ಒಳಸೇರಿ ಕೀವಾಗುತ್ತದೆ. ನೊಣ ಕುಳಿತು ಹುಳುವಾಗುವುದೂ ಉಂಟು. ದುರ್ವಾಸನೆ, ದಂತದ ಬುಡದಲ್ಲಿ ಊತ, ಮೇವು ನಿರಾಕರಣೆ ಇದರ ಲಕ್ಷಣಗಳು. ಪ್ರತಿದಿನ ತೊಳೆದು ಔಷಧಿ ತುಂಬುವ ಚಿಕಿತ್ಸೆ ತಿಂಗಳುಗಟ್ಟಲೆ ಹಿಡಿಯಬಹುದು.

ಕಾದಾಟದಲ್ಲಿ ದಂತ ಮುರಿದರೂ ಇದೇ ಭಯ. 2025ರ ನವೆಂಬರ್‌ನಲ್ಲಿ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಕ್ಯಾಪ್ಟನ್ ಎಂಬ ಕಾಡಾನೆಯೊಡನೆ ಕಾದಾಡಿದ ಭೀಮ ತನ್ನ ದಂತವೊಂದನ್ನು ಕಳೆದುಕೊಂಡಿತು. ಸಾಕಾನೆಯ ಗಾಯವನ್ನು ದಿನವೂ ತೊಳೆಯಬಹುದು. ಕಾಡಾನೆಗೆ ಆ ಅನುಕೂಲವಿಲ್ಲ.

ದಂತವನ್ನು ಬುಡಸಮೇತ ಕೀಳುವುದು ಬೇರೆಯೇ ಮಾತು. ಬುಡ ಕೊಳೆತು ಬೇರೆ ದಾರಿಯಿಲ್ಲದಾಗ ಮಾತ್ರ ಪೂರ್ಣ ಅರಿವಳಿಕೆಯಲ್ಲಿ ಗಂಟೆಗಟ್ಟಲೆ ನಡೆಯುವ ಶಸ್ತ್ರಚಿಕಿತ್ಸೆ ಅದು. ಆನೆ ಬಹಳ ಹೊತ್ತು ಮಲಗಿದರೆ ಅದರ ಮೈಭಾರವೇ ಶ್ವಾಸಕೋಶವನ್ನು ಒತ್ತುವುದರಿಂದ ಅಪಾಯ ಹೆಚ್ಚು.

ಇದಕ್ಕೆ ಹೋಲಿಸಿದರೆ ಮನುಷ್ಯನ ಹಲ್ಲು ಕೀಳುವುದು ಸರಳ. ಸ್ಥಳೀಯ ಅರಿವಳಿಕೆ ನೀಡಿದ ಮೇಲೆ ಒತ್ತಡದ ಅನುಭವವಾಗುತ್ತದೆಯೇ ಹೊರತು ನೋವಾಗಬಾರದು. ಅರ್ಧ ಗಂಟೆ ಹತ್ತಿ ಕಚ್ಚಿ ಹಿಡಿದರೆ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಗಾಯದ ರಕ್ಷಾಕವಚ. ಮೊದಲ ದಿನ ಬಾಯಿ ಮುಕ್ಕಳಿಸುವುದು, ಜೋರಾಗಿ ಉಗುಳುವುದು, ಬೀಡಿ-ಸಿಗರೇಟು ಸೇದುವುದು ಹೆಪ್ಪನ್ನು ಕಿತ್ತುಹಾಕಬಹುದು. ಎಲೆ-ಅಡಿಕೆ ಅಭ್ಯಾಸವುಳ್ಳ ಮಲೆನಾಡಿನವರು ಗಾಯ ಮಾಯುವವರೆಗೆ ಅದನ್ನು ಬಿಡುವುದು ಕ್ಷೇಮ. ಎರಡು-ಮೂರು ದಿನಗಳ ನಂತರ ನೋವು ಇಳಿಯುವ ಬದಲು ಏರಿದರೆ ತಡಮಾಡದೆ ದಂತವೈದ್ಯರನ್ನು ಕಾಣಬೇಕು.

ತುಂಡು ಯಾರದು?

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆ ದಂತದ ಬೆಲೆಯನ್ನು ನೆನೆದೇ ಹುಟ್ಟಿದ್ದು. ಇಂದು ಆ ಬೆಲೆ ಕಾನೂನುಬಾಹಿರ. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ ಮೊದಲ ಅನುಸೂಚಿಗೆ ಆನೆಯನ್ನು ಸೇರಿಸಿದ್ದು 1977ರಲ್ಲಿ. ಭಾರತದ ಆನೆದಂತದ ವ್ಯಾಪಾರವನ್ನು 1986ರ ತಿದ್ದುಪಡಿ ನಿಷೇಧಿಸಿತು. ಆಫ್ರಿಕಾದಿಂದ ತಂದ ದಂತದ ವ್ಯಾಪಾರವೂ 1991ರಲ್ಲಿ ನಿಂತಿತು. ಸರ್ಕಾರಿ ಬಿಡಾರದ ಆನೆಯ ದಂತದ ತುಂಡು, ಎಷ್ಟೇ ಚಿಕ್ಕದಿದ್ದರೂ, ಸರ್ಕಾರದ ಸ್ವತ್ತು. ಅದನ್ನು ಅಳೆದು, ತೂಗಿ, ದಾಖಲಿಸಿ ಇಲಾಖೆಯ ವಶದಲ್ಲಿಡಬೇಕು.

ಕತ್ತರಿಸುವುದರ ಬಗ್ಗೆ ಆಕ್ಷೇಪಗಳೂ ಇಲ್ಲದಿಲ್ಲ. ಬಿಡಾರದ ಆನೆಗಳು ಮೇಯಲು ಕಾಡಿಗೆ ಹೋಗುತ್ತವೆ; ಪುಂಡಾನೆ ಸೆರೆ ಕಾರ್ಯಾಚರಣೆಗೂ ತೆರಳುತ್ತವೆ. ಚೂಪು ದಂತದ ಕಾಡಾನೆ ಎದುರಾದಾಗ ಮೊಂಡು ದಂತದ ಸಾಕಾನೆಯ ಕೈ ಕಟ್ಟಿದಂತೆಯೇ ಸರಿ.

ಕೊನೆಯ ಹಲ್ಲು ಉದುರಿದಾಗ

ಆನೆಯ ಆಯುಸ್ಸನ್ನು ನಿರ್ಧರಿಸುವುದು ದಂತವಲ್ಲ, ಬಾಯೊಳಗಿನ ದವಡೆಹಲ್ಲು. ಮನುಷ್ಯನಿಗೆ ಹಾಲುಹಲ್ಲು, ಶಾಶ್ವತ ಹಲ್ಲು ಎಂದು ಎರಡೇ ಸರದಿ, ಆನೆಗೆ ಆರು. ಹೊಸ ಹಲ್ಲು ಹಿಂದಿನಿಂದ ಮುಂದಕ್ಕೆ ಸರಿಯುತ್ತ ಬರುತ್ತದೆ. ಸವೆದ ಹಲ್ಲು ಮುಂಭಾಗದಲ್ಲಿ ಚೂರುಚೂರಾಗಿ ಉದುರುತ್ತದೆ. ಆರನೆಯದು ಬರುವುದು ನಡುವಯಸ್ಸಿನಲ್ಲಿ. ಅರವತ್ತು ದಾಟಿದ ಮೇಲೆ ಅದೂ ಸವೆದರೆ ಮತ್ತೊಂದಿಲ್ಲ. ದಿನಕ್ಕೆ ಸುಮಾರು 150 ಕೆ.ಜಿ. ಮೇವು ಬೇಕಾದ ಪ್ರಾಣಿಗೆ ಅಗಿಯಲಾಗದಿದ್ದರೆ ಉಳಿಯುವುದು ಹಸಿವು ಮಾತ್ರ. ಕಾಡಿನ ಮುದಿ ಆನೆಗಳು ಸಾಯಲು ಇದೊಂದು ಮುಖ್ಯ ಕಾರಣ.

ಬಿಡಾರದಲ್ಲಿ ಈ ಕೊನೆಯನ್ನು ಮುಂದೂಡಬಹುದು. ಲದ್ದಿಯಲ್ಲಿ ಜೀರ್ಣವಾಗದ ಉದ್ದ ನಾರು ಕಾಣಿಸಿಕೊಳ್ಳುವುದು, ಅಗಿದ ಹುಲ್ಲಿನ ಉಂಡೆ ಬಾಯಿಂದ ಬೀಳುವುದು, ಕಪೋಲ ಗುಳಿಬೀಳುವುದು ಮೊದಲ ಸೂಚನೆಗಳು. ಆಗ ಸಣ್ಣಗೆ ಕತ್ತರಿಸಿದ ಹಸಿ ಹುಲ್ಲು, ಬೇಯಿಸಿದ ರಾಗಿ ಮುದ್ದೆ, ನೆನೆಸಿದ ಹುರುಳಿ ನೀಡಬೇಕಾಗುತ್ತದೆ. ಮಧ್ಯಪ್ರದೇಶದ ಪನ್ನಾದಲ್ಲಿ 2025ರ ಜುಲೈನಲ್ಲಿ ಮೃತಪಟ್ಟ, ನೂರು ದಾಟಿತ್ತೆಂದು ನಂಬಲಾದ ಹೆಣ್ಣಾನೆ ವತ್ಸಲಾ ಗಂಜಿಯಂತಹ ಮೆದು ಆಹಾರದ ಮೇಲೆಯೇ ಕೊನೆಯ ವರ್ಷಗಳನ್ನು ಕಳೆದಿತ್ತು. ಹಲ್ಲಿಲ್ಲದ ಆನೆಗೆ ಮಾವುತನ ಕೈತುತ್ತೇ ಹಲ್ಲು.