ಗುಡ್ಡದ ಇಳಿಜಾರಿನಲ್ಲಿ 23 ಮನೆಗಳು

ಅಮೆರಿಕದ ವರ್ಮಾಂಟ್ ರಾಜ್ಯಕ್ಕೆ ಪೂರ್ವದ ಗಡಿ ಕನೆಕ್ಟಿಕಟ್ ನದಿ. ಅದರ ಪಶ್ಚಿಮ ದಡದ ಗುಡ್ಡಗಳ ನಡುವೆ ಹಾರ್ಟ್‌ಲ್ಯಾಂಡ್ ಎಂಬ ಊರು. ನಮ್ಮ ಮಲೆನಾಡಿನ ಹಾಗೆ ಅಲ್ಲೂ ಮನೆಯಿಂದ ಮನೆಗೆ ದೂರ. ನಡುವೆ ಕಾಡು, ಹುಲ್ಲುಗಾವಲು, ಕಲ್ಲು ಪೇರಿಸಿದ ಹಳೆಯ ಬೇಲಿಗಳು. ಊರಿನ ನಾಲ್ಕು ದಾರಿ ಕೂಡುವ ಕಡೆಯ ಹತ್ತಿರದಲ್ಲೇ, ಹಲವು ಕುಟುಂಬಗಳು ಕೂಡಿ ಬಾಳುವ ಕಾಬ್ ಹಿಲ್ ಇದೆ. ಕೆಳಗೆ ಸಮತಟ್ಟಾದ ಜಾಗದಲ್ಲಿ ದೊಡ್ಡ ಕೊಟ್ಟಿಗೆ, ತರಕಾರಿ ಹೊಲ, ಜೆರ್ಸಿ ಹಸುಗಳು ಮೇಯುವ ಬಯಲು. ಈ ಹೊಲಗಳಲ್ಲಿ ಟ್ರ್ಯಾಕ್ಟರಿನ ಜೊತೆಗೆ ನಾರ್ವೆ ತಳಿಯ ಗಿಡ್ಡ ಕುದುರೆಗಳೂ ನೇಗಿಲು ಎಳೆದಿವೆ. ಮೇಲೆ, ಬೇಸಾಯಕ್ಕೆ ಅಷ್ಟಾಗಿ ಒಗ್ಗದ ಇಳಿಜಾರಿನಲ್ಲಿ, ಒತ್ತೊತ್ತಾಗಿ 23 ಮನೆಗಳು. ಅವುಗಳ ಹಿಂದೆ ಮೇಪಲ್ ಮರಗಳ ಕಾಡು.

ಒಟ್ಟು ಜಾಗ ಸುಮಾರು 270 ಎಕರೆ. ಇಷ್ಟು ನೆಲ ಕೈಯಲ್ಲಿದ್ದೂ ಮನೆಗಳನ್ನು ಒಂದೇ ಮೂಲೆಗೆ ಸರಿಸಿರುವುದು ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು. ಮನೆಗೆ ಹತ್ತು ಎಕರೆಯಂತೆ ಹಂಚಿಕೊಂಡು ನಡುಮಧ್ಯೆ ಬಂಗಲೆ ಕಟ್ಟಿಸಿಕೊಳ್ಳಬಹುದಿತ್ತಲ್ಲ? ಆದರೆ ಇಲ್ಲಿ ಮೊದಲು ಜಾಗ ಸಿಕ್ಕಿದ್ದು ಒಳ್ಳೆಯ ಮಣ್ಣಿಗೆ, ಆಮೇಲೆ ಹಸುವಿಗೆ, ಕಾಡಿಗೆ. ಉಳಿದದ್ದರಲ್ಲಿ ಮನುಷ್ಯರು ಮನೆ ಕಟ್ಟಿಕೊಂಡರು. ಈ ಲೆಕ್ಕಾಚಾರದ ಹಿಂದೆ ಇದ್ದವರು ಡೊನೆಲ್ಲಾ ಮೆಡೋಸ್. ಇಡೀ ಭೂಮಿಯ ಲೆಕ್ಕ ಹಾಕಿದ್ದ ವಿಜ್ಞಾನಿ ಅವರು.

ಮೆಡೋಸ್ ಹುಟ್ಟಿದ್ದು 1941ರಲ್ಲಿ, ಇಲಿನಾಯ್ ರಾಜ್ಯದ ಎಲ್ಜಿನ್‌ನಲ್ಲಿ. ಓದಿದ್ದು ರಸಾಯನ ವಿಜ್ಞಾನ; 1968ರಲ್ಲಿ ಹಾರ್ವರ್ಡ್‌ನಿಂದ ಜೀವಭೌತ ವಿಜ್ಞಾನದಲ್ಲಿ ಡಾಕ್ಟರೇಟ್. ಅಲ್ಲಿಂದ ನೇರವಾಗಿ ಪ್ರಯೋಗಾಲಯ ಸೇರಿ ತಣ್ಣಗೆ ಬದುಕಬಹುದಿತ್ತು. ಅದರ ಬದಲು ಗಂಡ ಡೆನಿಸ್ ಜೊತೆ ಇಂಗ್ಲೆಂಡಿನಿಂದ ಶ್ರೀಲಂಕಾದವರೆಗೆ ಭೂಮಾರ್ಗವಾಗಿ ಹೊರಟರು. ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ, ಭಾರತ ಹಾದು ಹೋಗಿ ಅದೇ ರೀತಿ ಹಿಂತಿರುಗಿದರು. ಬೋಳಾದ ಗುಡ್ಡ, ಸವೆದ ಹೊಲ, ಅದರ ನಡುವೆಯೇ ಜೀವನ ಸಾಗಿಸುವ ಜನ, ಇವನ್ನೆಲ್ಲ ಕಣ್ಣಾರೆ ಕಂಡು ಬಂದವರಿಗೆ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ (ಎಂಐಟಿ) ಜೇ ಫಾರೆಸ್ಟರ್ ಅವರ ಬಳಗದ ಕೆಲಸ ಕಾದಿತ್ತು. ಜನಸಂಖ್ಯೆ, ಆಹಾರ, ಕೈಗಾರಿಕೆ, ಮಾಲಿನ್ಯ, ಮುಗಿದುಹೋಗುವ ಖನಿಜ ಸಂಪತ್ತು ಈ ಐದೂ ಒಂದನ್ನೊಂದು ಹೇಗೆ ಎಳೆಯುತ್ತವೆ, ಹೇಗೆ ತಳ್ಳುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸ. ಆ ಮಾದರಿಯ ಹೆಸರು ‘ವರ್ಲ್ಡ್3’. ಅದರ ಫಲವಾಗಿ 1972ರಲ್ಲಿ ಬಂದ ಪುಸ್ತಕ ‘ದಿ ಲಿಮಿಟ್ಸ್ ಟು ಗ್ರೋತ್’. ಬರೆದವರು ನಾಲ್ವರು, ಅವರಲ್ಲಿ ಮೊದಲ ಹೆಸರು ಡೊನೆಲ್ಲಾ ಅವರದು. ಪುಸ್ತಕ ಹತ್ತಾರು ಭಾಷೆಗಳಿಗೆ ಹೋಯಿತು, ಲಕ್ಷಗಟ್ಟಲೆ ಪ್ರತಿ ಖರ್ಚಾಯಿತು. ಅಷ್ಟೇ ಬೈಗುಳವನ್ನೂ ತಿಂದಿತು.

ಪ್ರಳಯ ಬರುತ್ತದೆಂದು ಹೆದರಿಸುವ ಪುಸ್ತಕ ಎಂದು ಅದನ್ನು ಹಳಿದವರು ಪೂರ್ತಿ ಓದಿರಲಿಲ್ಲ ಎಂದೇ ನನಗೆ ಅನಿಸುತ್ತದೆ. ಅದರಲ್ಲಿದ್ದುದು ಭವಿಷ್ಯವಾಣಿಯಲ್ಲ. ಹೀಗೇ ಬೆಳೆಯುತ್ತ ಹೋದರೆ ಭೂಮಿ ತಾಳಿಕೊಳ್ಳುವ ಮಿತಿಯನ್ನು ಮೀರಿ ಮುಂದೆ ಕುಸಿಯುತ್ತೇವೆ; ಬೇಗ ತಿಳಿದುಕೊಂಡು ನಿಧಾನಿಸಿದರೆ ಎಲ್ಲರಿಗೂ ಸಾಕಾಗುವಷ್ಟರಲ್ಲಿ ನೆಲೆ ನಿಲ್ಲಬಹುದು ಎಂದು ಎರಡೂ ದಾರಿಗಳನ್ನು ಅದು ಬರೆದು ತೋರಿಸಿತ್ತು. ಎರಡನೆಯ ದಾರಿಯ ಬಗ್ಗೆ ಯಾರೂ ಕೇಳಲಿಲ್ಲ. ಮೆಡೋಸ್ ಮಾತ್ರ ಕೇಳಿಕೊಂಡರು. ಅಂಥ ಜಗತ್ತಿನಲ್ಲಿ ಬೆಳಿಗ್ಗೆ ಎದ್ದು ಒಲೆ ಹಚ್ಚುವುದು ಹೇಗೆ, ಊಟ ಎಲ್ಲಿಂದ ಬರುತ್ತದೆ, ಪಕ್ಕದ ಮನೆಯಲ್ಲಿ ಯಾರಿರುತ್ತಾರೆ?

ಪುಸ್ತಕ ಬಂದ ವರ್ಷವೇ ಅವರು ಡಾರ್ಟ್‌ಮತ್ ಕಾಲೇಜಿಗೆ ಪಾಠ ಮಾಡಲು ಬಂದರು. ನದಿಯ ಆಚೆ ದಡದಲ್ಲಿ, ನ್ಯೂ ಹ್ಯಾಂಪ್‌ಶೈರಿನ ಪ್ಲೇನ್‌ಫೀಲ್ಡ್‌ನಲ್ಲಿ, ಕೆಲವರು ಕೂಡಿ ಬಾಳುವ ಸಾವಯವ ತೋಟದಲ್ಲಿ ಮನೆ ಹೂಡಿದರು. ಅಲ್ಲಿ ಕಳೆದದ್ದು 27 ವರ್ಷ. ಕುರಿ ಸಾಕಿದರು, ಉಣ್ಣೆಯ ಕೆಲಸ ಮಾಡಿದರು, ತರಕಾರಿ ಬೆಳೆದರು. 1983ರಲ್ಲಿ ಕಾಯಂ ಪ್ರಾಧ್ಯಾಪಕ ಹುದ್ದೆಯನ್ನೇ ಬಿಟ್ಟರು. ಬರೆಯಲು, ಊರೂರು ತಿರುಗಲು ಸಮಯ ಬೇಕಿತ್ತು. ಪಾಠ ಮಾತ್ರ ಬಿಡಲಿಲ್ಲ. ವಾರಕ್ಕೊಂದು ಅಂಕಣ ಬರೆದರು, ಹಂಗೆರಿಯ ಬಾಲಟನ್ ಸರೋವರದ ದಡದಲ್ಲಿ ಹಲವು ದೇಶಗಳ ವಿಜ್ಞಾನಿಗಳನ್ನು ಕೂಡಿಸಿದರು, 1994ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ಗೆಳೆಯರಿಗೆ ಬರೆಯುತ್ತಿದ್ದ ಪತ್ರಗಳಲ್ಲಿ ಜಗತ್ತಿನ ಸುದ್ದಿಯೂ ಕುರಿಮರಿ ಹುಟ್ಟಿದ ಸುದ್ದಿಯೂ ಒಟ್ಟಿಗೇ ಇರುತ್ತಿದ್ದವು. ಅವರಿಗೆ ಎರಡೂ ಸುದ್ದಿಯೇ.

ಅವರು ಮತ್ತೆ ಮತ್ತೆ ಹೇಳುತ್ತಿದ್ದ ಒಂದು ಪ್ರಸಂಗವಿದೆ. ಆಮ್‌ಸ್ಟರ್‌ಡಾಮ್ ಬಳಿಯ ಒಂದು ಬಡಾವಣೆ. ಮನೆಗಳೆಲ್ಲ ಒಂದೇ ಅಚ್ಚಿನವು, ದರವೂ ಒಂದೇ. ಆದರೆ ಕೆಲವು ಮನೆಗಳಲ್ಲಿ ಕರೆಂಟಿನ ಮೀಟರನ್ನು ನೆಲಮಾಳಿಗೆಯಲ್ಲಿ ಕೂರಿಸಿದ್ದರು, ಇನ್ನು ಕೆಲವದರಲ್ಲಿ ಮುಂಬಾಗಿಲಿನ ಪಡಸಾಲೆಯಲ್ಲಿ. ಪಡಸಾಲೆಯಲ್ಲಿ ಮೀಟರಿದ್ದ ಮನೆಯವರು ಸುಮಾರು ಮೂರನೇ ಒಂದು ಪಾಲು ಕಡಿಮೆ ಕರೆಂಟು ಬಳಸುತ್ತಿದ್ದರಂತೆ. ಹೋಗುವಾಗ ಬರುವಾಗ ಚಕ್ರ ತಿರುಗುವುದು ಕಣ್ಣಿಗೆ ಬೀಳುತ್ತಿತ್ತು, ಅಷ್ಟೇ. ದಂಡವಿಲ್ಲ, ಭಾಷಣವಿಲ್ಲ, ಕಾನೂನಿಲ್ಲ. ನಾವು ಮಾಡಿದ್ದು ನಮಗೇ ಕಾಣುವಂತಿದ್ದರೆ ನಮ್ಮ ನಡೆ ಬದಲಾಗುತ್ತದೆ ಎಂಬುದು ಮೆಡೋಸರ ವಿಜ್ಞಾನದ ತಿರುಳುಗಳಲ್ಲೊಂದು.

ಕಾಬ್ ಹಿಲ್‌ನ ಬಾಯ್ಲರ್ ಮನೆಯ ಮುಂದೆ ನಿಂತರೆ ಆ ಮಾತು ಅರ್ಥವಾಗುತ್ತದೆ. ಅಲ್ಲಿನ ಚಳಿಗಾಲ ದೀರ್ಘ. ಉಷ್ಣಾಂಶ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿಯುವ ರಾತ್ರಿಗಳುಂಟು. ಅಮೆರಿಕದ ಸಾಧಾರಣ ಮನೆಯಲ್ಲಿ ಆಗ ಗೋಡೆಯ ಮೇಲಿನ ಗುಂಡಿ ತಿರುಗಿಸಿದರೆ ಮುಗಿಯಿತು. ಎಣ್ಣೆಯೋ ಅನಿಲವೋ ಎಲ್ಲೋ ಕೆಳಗೆ ಉರಿಯುತ್ತದೆ. ಕಾಬ್ ಹಿಲ್‌ನಲ್ಲಿ ಮನೆಮನೆಗೂ ಬೇರೆ ಒಲೆಯಿಲ್ಲ. ಎಲ್ಲರಿಗೂ ಸೇರಿ ಸೌದೆ ಉರಿಸುವ ಬಾಯ್ಲರ್ ಇದೆ. ಅಲ್ಲಿ ಕಾದ ನೀರು ನೆಲದಡಿಯ ಕೊಳವೆಗಳಲ್ಲಿ ಹರಿದು ಮನೆಗಳನ್ನು ಬೆಚ್ಚಗಿಡುತ್ತದೆ. ಸೌದೆ ಹಾಕುವುದು ನಿವಾಸಿಗಳದೇ ಪಾಳಿ. ಹಿಮ ಸುರಿಯುವಾಗ ದಪ್ಪ ಬೂಟು ಮೆಟ್ಟಿ, ಟೋಪಿ ಎಳೆದುಕೊಂಡು, ಪ್ರಾಧ್ಯಾಪಕರಿರಲಿ ನರ್ಸಮ್ಮನಿರಲಿ ರೈತನಿರಲಿ, ಹೋಗಿ ಕೊರಡು ಒಟ್ಟಬೇಕು. ಗೂಡಿನಲ್ಲಿ ಪೇರಿಸಿದ ಸೌದೆ ನವೆಂಬರಿನಿಂದ ಇಳಿಯತೊಡಗಿ ಮಾರ್ಚಿನಲ್ಲಿ ತಳ ಕಾಣುತ್ತದೆ. ಯಾರ ಮನೆಯಲ್ಲಿ ಕಿಟಕಿ ತೆರೆದಿಟ್ಟು ಶಾಖ ಪೋಲಾಯಿತೋ ಅದರ ಭಾರವನ್ನು ಪಾಳಿಯವರ ತೋಳು ಹೊರಬೇಕು. ಪಡಸಾಲೆಯ ಮೀಟರಿಗಿಂತ ಇದು ಒಂದು ಹೆಜ್ಜೆ ಮುಂದೆ.

ಶೌಚಾಲಯಗಳದೂ ಇದೇ ಕಥೆ. ನೀರು ಸುರಿದು ಎಲ್ಲಿಗೋ ಕಳಿಸಿಬಿಡುವ ವ್ಯವಸ್ಥೆ ಇಲ್ಲ. ಮಲ ಕೆಳಗಿನ ತೊಟ್ಟಿಯಲ್ಲಿ ಬಿದ್ದು ಕಾಲಕ್ರಮದಲ್ಲಿ ಗೊಬ್ಬರವಾಗುತ್ತದೆ. ಕಾರುಗಳನ್ನು ಮನೆಗಳಿಂದ ದೂರದಲ್ಲೇ ನಿಲ್ಲಿಸಬೇಕು. ಮನೆಗಳ ನಡುವಿನ ಹಾದಿ ನಡೆಯುವವರದು, ಮಕ್ಕಳದು. ನಡುವೆ ಎಲ್ಲರಿಗೂ ಸೇರಿದ ಒಂದು ದೊಡ್ಡ ಮನೆ. ಅದರಲ್ಲಿ ಅಡುಗೆಮನೆ, ಊಟದ ಹಜಾರ. ಹೀಗೆ ಸ್ವಂತ ಮನೆಯನ್ನೂ ಹಂಚಿಕೊಂಡ ಜಾಗವನ್ನೂ ಜೋಡಿಸುವ ಪದ್ಧತಿ ಹುಟ್ಟಿದ್ದು ಡೆನ್ಮಾರ್ಕಿನಲ್ಲಿ. ಅಲ್ಲಿನ ಮೊದಲ ಬಡಾವಣೆ ಸೆಟ್ಟೆಡಾಮೆನ್ ತಲೆ ಎತ್ತಿದ್ದೂ 1972ರಲ್ಲೇ, ಮೆಡೋಸರ ಪುಸ್ತಕ ಬಂದ ವರ್ಷ. ಒಂದು ಕಡೆ ರೋಗದ ಲೆಕ್ಕ ಬರೆಯುತ್ತಿದ್ದಾಗ ಇನ್ನೊಂದು ಕಡೆ ಕೆಲವು ಕುಟುಂಬಗಳು ಮದ್ದನ್ನು ಅರೆಯತೊಡಗಿದ್ದವು ಎಂದು ಓದಿದಾಗ ನನಗಂತೂ ಸಂತೋಷವಾಗುತ್ತದೆ.

ಇದನ್ನೆಲ್ಲ ಕಟ್ಟಲು ಮೆಡೋಸ್ ಬದುಕಿನ ಕೊನೆಯ ವರ್ಷಗಳನ್ನು ಸುರಿದರು. 1996ರಲ್ಲಿ ಸಸ್ಟೈನಬಿಲಿಟಿ ಇನ್‌ಸ್ಟಿಟ್ಯೂಟ್ ಸ್ಥಾಪಿಸಿದರು. ಸಂಶೋಧನೆಯ ಕಚೇರಿಯೂ ಹೊಲವೂ ಮನೆಗಳೂ ಒಂದೇ ನೆಲದಲ್ಲಿ ಇರಬೇಕು ಎಂಬ ಹಟ ಅವರದು. 1999ರಲ್ಲಿ ಪ್ಲೇನ್‌ಫೀಲ್ಡ್‌ನ ತೋಟ ಬಿಟ್ಟು ನದಿ ದಾಟಿ ಕಾಬ್ ಹಿಲ್‌ಗೆ ಬಂದರು. ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ ಎಂಬ ನಿಯಮವಿರುವ ಗುಂಪಿನಲ್ಲಿ ಸಭೆ ಮುಗಿಯುವುದು ಸುಲಭವಲ್ಲ. ಶೌಚದ ತೊಟ್ಟಿಯಿಂದ ಕೋಣೆಯ ಅಳತೆಯವರೆಗೆ ಎಲ್ಲವನ್ನೂ ಕೂತು ಮಾತಾಡಬೇಕು. ವಿಶ್ವದ ಮಾದರಿ ಮಾಡಿದವರಿಗೂ ಅಲ್ಲಿ ಒಂದೇ ಮಾತು, ಒಂದೇ ಕುರ್ಚಿ.

ಕಾಬ್ ಹಿಲ್ ಸ್ವರ್ಗವಲ್ಲ. ಹಳ್ಳಿಗಾಡಿನಲ್ಲಿರುವುದರಿಂದ ಕೆಲಸಕ್ಕೆ, ಆಸ್ಪತ್ರೆಗೆ, ಅಂಗಡಿಗೆ ಕಾರು ಬೇಕೇ ಬೇಕು. ಮನೆಯಲ್ಲಿ ಉಳಿಸಿದ್ದರಲ್ಲಿ ಒಂದಿಷ್ಟು ರಸ್ತೆಯಲ್ಲಿ ಉರಿದುಹೋಗುತ್ತದೆ. ಇಂಥ ಜಾಗದಲ್ಲಿ ಮನೆ ಕೊಳ್ಳಲು ಕೈಯಲ್ಲಿ ದುಡ್ಡೂ ಬೇಕು, ಸಭೆಗಳಲ್ಲಿ ಕೂರುವ ಪುರುಸೊತ್ತೂ ಬೇಕು. ಎರಡೂ ಇಲ್ಲದವರೇ ಲೋಕದಲ್ಲಿ ಹೆಚ್ಚು. ಆದರೂ ಒಂದು ಮಾತನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ಪರಿಸರ ವಿಜ್ಞಾನಿಗಳಲ್ಲಿ ವೇದಿಕೆಯ ಮೇಲೆ ಮಿತಿಯ ಮಾತಾಡಿ, ಮಿತಿಯಿಲ್ಲದ ಮನೆಗೆ ಹಿಂತಿರುಗುವವರು ಬಹಳ. ಮೆಡೋಸ್ ಆ ಬಿರುಕನ್ನು ಮುಚ್ಚಲು ನೋಡಿದರು. ವಿಳಾಸವೂ ವೃತ್ತಿಯ ಭಾಗವೆಂದು ತಿಳಿದಿದ್ದರು.

2001ರ ಫೆಬ್ರುವರಿ 20ರಂದು, ಮಿದುಳುಪೊರೆಯ ಉರಿಯೂತದಿಂದ, ಕೆಲವೇ ದಿನಗಳ ಕಾಯಿಲೆಯಲ್ಲಿ ಅವರು ತೀರಿಕೊಂಡರು. ವಯಸ್ಸು 59. ಹೊಸ ಮನೆಗಳು ಇನ್ನೂ ಮುಗಿದಿರಲಿಲ್ಲ. ಉಳಿದವರು ಕೈಬಿಡಲಿಲ್ಲ, ಕಟ್ಟಿ ಮುಗಿಸಿ ಒಕ್ಕಲಾದರು. ಮೆಡೋಸ್ ಬರೆದು ಪ್ರಕಟಿಸದೆ ಇಟ್ಟಿದ್ದ ಹಸ್ತಪ್ರತಿ 2008ರಲ್ಲಿ ‘ಥಿಂಕಿಂಗ್ ಇನ್ ಸಿಸ್ಟಮ್ಸ್’ ಎಂಬ ಪುಸ್ತಕವಾಗಿ ಬಂದು ಈಗ ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಗಿದೆ.

ಬಾಸ್ಟನ್ ಕಡೆ ಮಗನೋ ಮಗಳೋ ಇರುವ ಓದುಗರು ನಮ್ಮಲ್ಲಿ ಬೇಕಾದಷ್ಟು ಮಂದಿ. ಅಲ್ಲಿಂದ ಹಾರ್ಟ್‌ಲ್ಯಾಂಡ್ ಕಾರಿನಲ್ಲಿ ಎರಡೂವರೆ ಗಂಟೆಯೊಳಗಿನ ದಾರಿ. ಜನ ವಾಸಿಸುವ ಮನೆಗಳಾದ್ದರಿಂದ ಮುಂಚೆಯೇ ಕೇಳಿಕೊಂಡು, ಸಾಧ್ಯವಾದರೆ ಮಾರ್ಚ್ ತಿಂಗಳಲ್ಲಿ ಹೋಗಿ. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಎಳೆಬಿಸಿಲು ಇರುವ ಆ ಕೆಲವೇ ವಾರಗಳಲ್ಲಿ ಮೇಪಲ್ ಮರದ ರಸ ಹರಿಯುತ್ತದೆ. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಪಾಕ. ಹೋದವರು ಬರೀ ಫೋಟೋ ತೆಗೆದುಕೊಂಡು ಬರಬೇಡಿ. ಇಲ್ಲಿ ನೀರು ಎಲ್ಲಿಂದ ಬರುತ್ತದೆ, ಕೊಳೆ ಎಲ್ಲಿಗೆ ಹೋಗುತ್ತದೆ, ಈ ಚಳಿಗಾಲ ಎಷ್ಟು ಸೌದೆ ಉರಿಯಿತು ಎಂದು ಕೇಳಿ. ಅಲ್ಲಿನವರ ಹತ್ತಿರ ಉತ್ತರ ಇರುತ್ತದೆ. ಊರಿಗೆ ಬಂದು ಸೈಟೋ ಫ್ಲ್ಯಾಟೋ ನೋಡಲು ಹೋದಾಗ ಅವೇ ಪ್ರಶ್ನೆಗಳನ್ನು ಮಾರುವವರಿಗೂ ಕೇಳಿ, ಉತ್ತರ ಬರುವವರೆಗೆ ಮುಂಗಡ ಕೊಡಬೇಡಿ.