ಸ್ಪರ್ಶ ತಿಳಿಯದ ಪಾದಗಳ ಆರೈಕೆ

ಸಿಹಿಮೂತ್ರ ರೋಗ ಅಥವಾ ಕುಷ್ಠರೋಗದಿಂದ ಕೆಲವರ ಪಾದಗಳಿಗೆ ಸ್ಪರ್ಶಜ್ಞಾನ ಇಲ್ಲದಂತಾಗುತ್ತದೆ. ಮುಳ್ಳು ಚುಚ್ಚಿದರೂ ನೋವು ತಿಳಿಯದು. ತಿಳಿಯದ ಗಾಯ ಹುಣ್ಣಾಗಿ, ಕೀವು ತುಂಬಿ, ಕೊನೆಗೆ ಕಾಲನ್ನೇ ಕಳೆದುಕೊಳ್ಳಬೇಕಾಗಬಹುದು. ಆದುದರಿಂದ ನೋವು ಹೇಳದುದನ್ನು ಕಣ್ಣು ಹೇಳಬೇಕು. ನೀವು ಒಂಟಿಯಾಗಿದ್ದರೂ ಚಿಂತೆಯಿಲ್ಲ. ಮನೆಯ ಸಾಮಾನುಗಳೇ ಸಾಕು.

ಕನ್ನಡಿ: ದಿನವೂ ಬೆಳಕಿರುವಾಗ ಕನ್ನಡಿಯನ್ನು ನೆಲದ ಮೇಲೆ ಗೋಡೆಗೆ ಒರಗಿಸಿಡಿ. ಎದುರು ಕುಳಿತು ಅಂಗಾಲನ್ನು ನೋಡಿಕೊಳ್ಳಿ. ಕೆಂಪು, ಬೊಬ್ಬೆ, ಬಿರುಕು, ಗಾಯ ಇವೆಯೇ ಗಮನಿಸಿ.

ಬಿಳಿ ಬಟ್ಟೆ: ಕಾಲು ತೊಳೆದು, ಹಳೆಯ ಬಿಳಿ ಪಂಚೆಯ ಶುಭ್ರವಾದ ತುಂಡಿನಿಂದ ಬೆರಳುಗಳ ಸಂದುಗಳನ್ನೂ ಒರಸಿ. ಕಣ್ಣು ಮಂಜಾದವರಿಗೂ ರಕ್ತದ ಕಲೆ ಬಿಳಿ ಬಟ್ಟೆಯ ಮೇಲೆ ಬೇಗ ಕಾಣುತ್ತದೆ.

ಎಣ್ಣೆ: ಒಣಗಿದ ಚರ್ಮಕ್ಕೆ ಕೊಬ್ಬರಿ ಎಣ್ಣೆ ಸವರಿ, ಬೆರಳ ಸಂದಿಗೆ ಬೇಡ.

ಬಿಸಿನೀರನ್ನು ಮೊಣಕೈಯಿಂದ ಪರೀಕ್ಷಿಸದೆ ಕಾಲಿಗೆ ಹಾಕಬೇಡಿ. ಒಲೆಯ ಬಳಿ ಕಾಲು ಕಾಯಿಸಬೇಡಿ. ಬರಿಗಾಲಲ್ಲಿ ನಡೆಯಬೇಡಿ. ಜೋಡು ಮೆಟ್ಟುವ ಮೊದಲು ಕೊಡವಿ, ಒಳಗೆ ಕಲ್ಲು ಇದೆಯೇ, ಮೊಳೆ ಎದ್ದಿದೆಯೇ ನೋಡಿ.

ಗಾಯ ಕಂಡರೆ ಶುದ್ಧ ನೀರಿನಿಂದ ತೊಳೆದು, ಒಗೆದು ಒಣಗಿಸಿದ ಬಟ್ಟೆ ಕಟ್ಟಿಕೊಂಡು ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ನೋವಿಲ್ಲವೆಂದು ತಡಮಾಡಬೇಡಿ, ನೋವಿಲ್ಲದಿರುವುದೇ ಇಲ್ಲಿ ಅಪಾಯ.